ಗಿರಣಿಗೆ ಬಂದ ನೀಲಿ ಗೋವಿನಜೋಳ

ಗ್ಯಾರೇಜಿನ ಕೀಲಿಕೈ ಹುಡುಕಲು ಹೋದಾಗಲೆಲ್ಲ ನನ್ನ ಕೈಗೆ ಮೊದಲು ಸಿಗುವುದು ಒಂದು ಗೊಂಬೆ. ಬೆರಳ ತುದಿಯಷ್ಟು ಗಾತ್ರ, ಬಿಳಿ ಪ್ಲಾಸ್ಟಿಕ್ಕಿನದು, ಕೈಕಾಲು ಮಡಚಿಕೊಂಡು ಮಲಗಿರುವ ಕೂಸು. ಚಿಲ್ಲರೆ ಕಾಸು, ಹಳೆಯ ಕನ್ನಡಕದ ಸ್ಕ್ರೂ, ಯಾವ ಬೀಗದ್ದೆಂದು ಮರೆತುಹೋದ ಕೀಲಿಗಳ ನಡುವೆ ಬಟ್ಟಲಿನಲ್ಲಿ ಹಾಯಾಗಿ ಬಿದ್ದುಕೊಂಡಿದೆ. ಮನೆಗೆ ಬಂದವರು ಮೊಮ್ಮಗಳದ್ದೇ ಎಂದು ಕೇಳುತ್ತಾರೆ. ನನಗೆ ಮೊಮ್ಮಗಳಿಲ್ಲ. ಮಗಳಿಗೆ ಮದುವೆಯೇ ಆಗಿಲ್ಲ. ಆ ಮಾತು ಎತ್ತಿದರೆ ಆಸ್ಟಿನ್ನಿನಿಂದ ಫೋನು ಕಟ್ ಆಗುತ್ತದೆ. ಈ ಗೊಂಬೆ ನನ್ನ ಹಲ್ಲಿಗೆ ಸಿಕ್ಕಿದ್ದು. ಅದು ಹೇಗೆಂದು ಹೇಳಬೇಕಾದರೆ ಗಿರಣಿಯಿಂದ ಶುರು ಮಾಡಬೇಕು. ಸ್ವಲ್ಪ ತಾಳ್ಮೆ ಇರಲಿ.

ಹೌದು, ನಮ್ಮ ಮನೆಯಲ್ಲಿ ಹಿಟ್ಟಿನ ಗಿರಣಿ ಇದೆ. ಲಿಟಲ್ ಎಲ್ಮ್‌ನ ನಮ್ಮ ಬಡಾವಣೆಯಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು, ಎಲ್ಲರ ಗ್ಯಾರೇಜಿನಲ್ಲೂ ಎರಡೆರಡು ಕಾರು. ನಮ್ಮಲ್ಲಿ ಒಂದು ಕಾರು, ಒಂದು ಗಿರಣಿ. ಇನ್ನೊಂದು ಕಾರು ಬಿಸಿಲಿನಲ್ಲಿ ಬೇಯುತ್ತ ಹೊರಗೆ ನಿಂತಿರುತ್ತದೆ. ಊರಿನಿಂದ ಹಡಗು ಹತ್ತಿ ಬಂದ ಈ ಕಲ್ಲಿನ ಗಿರಣಿಯನ್ನು ತರಲು ಬಾಡಿಗೆ ಟ್ರಕ್ಕನ್ನು ನಾನೇ ಹ್ಯೂಸ್ಟನ್ನಿನವರೆಗೆ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಜೊತೆಗೆ ಬಂದಿದ್ದ ಹೆಂಡತಿ ಗಿರಿಜಾ ಹೋಗುವಾಗಲೂ ಮಾತಾಡಲಿಲ್ಲ, ಬರುವಾಗಲೂ ಮಾತಾಡಲಿಲ್ಲ. ಬೋರ್ಡು ಬರೆದುಕೊಡುವ ಅಂಗಡಿ ಇಟ್ಟುಕೊಂಡು ನೆಟ್ಟಗೆ ಬದುಕುತ್ತಿದ್ದ ಗಂಡನಿಗೆ ಇದೇನು ಬಂತು ಎಂಬುದು ಅವಳ ಮೌನದ ಅರ್ಥ. ಆದರೆ ಮರುದಿನ ಬಿಸಿ ಬಿಸಿ ಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದಳು ನೋಡಿ, ಪ್ಯಾಕೆಟ್ ಹಿಟ್ಟಿನಲ್ಲಿ ಅಂಚು ಸೀಳುತ್ತಿದ್ದ ರೊಟ್ಟಿ ಹಂಚಿನ ಮೇಲೆ ಉಬ್ಬಿ ನಿಂತಿತು. ಆಗ ಬಾಯಿ ಬಿಟ್ಟಳು. ಈಗ ಶನಿವಾರ ಬಂತೆಂದರೆ ಫ್ಲವರ್ ಮೌಂಡ್, ಫ್ರಿಸ್ಕೋ ಕಡೆಯ ನಮ್ಮ ಮಂದಿಯೆಲ್ಲ ಜೋಳದ ಚೀಲ ಹಿಡಿದು ಬರುತ್ತಾರೆ. ಬೀಸಿದ್ದಕ್ಕೆ ನಾನು ಏನೂ ತೆಗೆದುಕೊಳ್ಳುವುದಿಲ್ಲ. ಹೊಗಳಿದರೆ ಬೇಡ ಎನ್ನುವುದಿಲ್ಲ.

ಗಿರಣಿ ನನ್ನ ರಕ್ತದಲ್ಲೇ ಇದೆ. ರೋಣದಲ್ಲಿ ನಮ್ಮಪ್ಪನದು ಗಿರಣಿ. ರೆಪ್ಪೆ, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗಾಗಿ ಅಪ್ಪ ಮನೆಗೆ ಬಂದರೆ ಅವ್ವ ಅಂಗಳದಲ್ಲೇ ನಿಲ್ಲಿಸಿ ಟವೆಲಿನಿಂದ ಬಡಿಯುತ್ತಿದ್ದಳು. ಬೆಲ್ಟಿನ ಪಟಪಟ ಸದ್ದಿನಲ್ಲಿ ಮಾತಾಡಿ ಮಾತಾಡಿ ನಮ್ಮ ಮನೆಯವರೆಲ್ಲ ಒದರಿಯೇ ಮಾತಾಡುವವರು. ಮಗಳು ನಿಧಿ ಈಗಲೂ "ಅಪ್ಪಾ, ಇನ್ಸೈಡ್ ವಾಯ್ಸ್" ಎನ್ನುತ್ತಾಳೆ. ಕಣ್ಣು ಮುಚ್ಚಿ ಮೂಸಿ ಇದು ಸಜ್ಜೆ, ಇದು ಕಡಲೆ, ಇದು ಮೆಣಸಿನಕಾಯಿ ಬೀಸಿದ ಮೇಲಿನ ಗೋದಿ ಎಂದು ಹೇಳುವುದು ನನ್ನ ಬಾಲ್ಯದ ಏಕೈಕ ಪ್ರತಿಭೆ. ಅಪ್ಪ ಪ್ರತಿ ಚೀಲದಿಂದ ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಡಿದು ನೋಡುತ್ತಿದ್ದ. ಕಟ್ ಎಂದು ಮುರಿದರೆ ಸರಿ. ಮೆತ್ತಗಾಗಿದ್ದರೆ ಎಂಥ ಗೌಡರ ಮನೆಯ ಕಾಳಾದರೂ ಒಣಗಿಸಿಕೊಂಡು ಬರಲಿ ಎಂದು ವಾಪಸ್ಸು ಕಳಿಸುತ್ತಿದ್ದ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ಗಿರಿಜಾಳದು ಬೇರೆ ಪದ್ಧತಿ. ಮನೆಗೆ ಯಾವ ಕಾಳು ಬಂದರೂ ಮೊದಲ ಮುಷ್ಟಿ ದೇವರ ಗೂಡಿನಲ್ಲಿ ಅದಕ್ಕೇ ಮೀಸಲಾದ ಒಂದು ತಾಮ್ರದ ಗಿಂಡಿಗೆ. ಅದೇ ಕಾಳು ಮತ್ತೆ ಹೊಸದಾಗಿ ಬರುವವರೆಗೆ ಅದನ್ನು ಮುಟ್ಟುವಂತಿಲ್ಲ. ಅವಳ ತವರಿನಲ್ಲಿ ರಾಶಿ ಮಾಡಿ ಬಂದ ಕಾಳಿಗೆ ಹೀಗೆ ಮಾಡುತ್ತಿದ್ದರು, ಒಪ್ಪಿದೆ. ಇವಳು ಇಂಡಿಯನ್ ಸ್ಟೋರಿನಿಂದ ತಂದ ಪ್ಯಾಕೆಟ್ಟಿಗೂ ಹಾಗೇ ಮಾಡುತ್ತಾಳೆ. ಬಾರ್‌ಕೋಡ್ ಇರುವ ಲಕ್ಷ್ಮಿ ಎಂದು ನಾನು ಎಷ್ಟೋ ಸಲ ಹಾಸ್ಯ ಮಾಡಿದ್ದೇನೆ. ಅವಳು ನಗುತ್ತಾಳೆ, ಗಿಂಡಿಗಳ ಸಾಲು ಮಾತ್ರ ಉದ್ದವಾಗುತ್ತ ಹೋಗುತ್ತದೆ.

ಇನ್ನು ಕೂಕಾ. ಪಕ್ಕದ ಮನೆಯ ಹಲ್ಲಿನ ಡಾಕ್ಟರ ತಾಯಿ, ಎಪ್ಪತ್ತು ದಾಟಿದವಳು. ಪೂರ್ತಿ ಹೆಸರು ರೆಫೂಹಿಯೊ. ಅವರ ಕಡೆ ಆ ಹೆಸರಿನವರನ್ನೆಲ್ಲ ಕೂಕಾ ಎನ್ನುತ್ತಾರಂತೆ. ಮೊದಲ ಸಲ ಗಿರಣಿ ಚಾಲೂ ಮಾಡಿದ ದಿನ ಸದ್ದಿಗೆ ಬಂದು ಗ್ಯಾರೇಜಿನ ಬಾಗಿಲಲ್ಲಿ ನಿಂತಳು. ಜಗಳಕ್ಕೇ ಬಂದಳೆಂದು ನಾನು ಕ್ಷಮೆಯ ಮಾತನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಅವಳು ಸೀದಾ ಒಳಗೆ ಬಂದು ಹಿಟ್ಟಿನಲ್ಲಿ ಕೈಯಿಟ್ಟು, ಎರಡು ಬೆರಳಲ್ಲಿ ತಿಕ್ಕಿ, ಮೂಸಿ, ಸ್ವಲ್ಪ ತರಿತರಿ, ಉರುಟಾಯಿತು ಎಂದು ಸನ್ನೆ ಮಾಡಿದಳು. ನನಗೆ ಸಿಟ್ಟು ಬಂತು. ಗಿರಿಜಾ ಮಾತ್ರ "ಖರೇ ಅದ, ಉರುಟ ಅದ" ಎಂದಳು. ಆ ಗಳಿಗೆಯಿಂದ ಅವರಿಬ್ಬರೂ ಗೆಳತಿಯರು. ಒಬ್ಬಳಿಗೆ ಕನ್ನಡ, ಒಬ್ಬಳಿಗೆ ಸ್ಪ್ಯಾನಿಷ್; ನಡುವೆ ಫೋನಿನ ಸ್ಪೀಕರಿನಲ್ಲಿ ಆಸ್ಟಿನ್ನಿನ ನಿಧಿ. ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ನನ್ನ ಮಗಳು ಕೂಕಾಳ ಜೊತೆ ಮಾತ್ರ ಸ್ಪ್ಯಾನಿಷಿನಲ್ಲಿ ಅರಳು ಹುರಿದಂತೆ ಮಾತಾಡುತ್ತಾಳೆ. ಹೊಟ್ಟೆಯಲ್ಲಿ ಸ್ವಲ್ಪ ಉರಿಯುತ್ತದೆ, ಇರಲಿ.

ಕೂಕಾಳ ಊರು ಮೆಕ್ಸಿಕೋದ ಎತ್ತರದ ಬಯಲಿನಲ್ಲಿರುವ ಅಪಾನ್ ಎಂಬ ಸಣ್ಣ ಪಟ್ಟಣ. ಮೆಕ್ಸಿಕೋ ಎಂದರೆ ಬಿಸಿಲು, ಸಮುದ್ರ, ದೊಡ್ಡ ಟೋಪಿ ಎಂದುಕೊಂಡಿದ್ದ ನನಗೆ ಅವಳು ಮೊದಲು ಹೇಳಿದ್ದು ಚಳಿಯ ಬಗ್ಗೆ. ಬೆಳಗ್ಗೆ ಬಾಗಿಲು ತೆರೆದರೆ ಹೊಲದ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿರುತ್ತಿತ್ತಂತೆ. ಕಣ್ಣು ಹಾಯಿಸಿದಷ್ಟು ದೂರ ಸಾಲು ಸಾಲು ಕತ್ತಾಳೆ. ನಮ್ಮ ಹೊಲದ ಬೇಲಿಯ ಕತ್ತಾಳೆಯಲ್ಲ, ಅದರ ದೊಡ್ಡಪ್ಪ, ಆಳೆತ್ತರದ್ದು. ಅದರ ನಡುಗುಳಿಯಲ್ಲಿ ಊರುವ ಸಿಹಿನೀರನ್ನು ಅವಳ ಅಜ್ಜ ಉದ್ದನೆಯ ಒಣ ಸೋರೆಬುರುಡೆಯಿಂದ ಹೀರಿ ತೆಗೆಯುತ್ತಿದ್ದ. ಅದು ಹುಳಿಯಾದರೆ ಪುಲ್ಕೆ ಎಂಬ ಅಮಲಿನ ಪಾನೀಯ. ಜಮೀನ್ದಾರರು ಕೋಟೆಯಂಥ ವಾಡೆಗಳನ್ನು ಕಟ್ಟಿಸಿಕೊಂಡದ್ದು ಅದರಿಂದಲೇ. ರೈಲು ಬಂದ ಮೇಲೆ ಪೀಪಾಯಿಗಳು ದಿನಾ ಮುಂಜಾನೆ ರಾಜಧಾನಿಗೆ ಹೊರಡುತ್ತಿದ್ದವು. ಆಮೇಲೆ ಕ್ರಾಂತಿಯಾಯಿತು, ವಾಡೆಯವರ ಜಮೀನು ತುಂಡಾಗಿ ದುಡಿಯುವವರಿಗೆ ಬಂತು. ಅಜ್ಜನಿಗೂ ಒಂದು ತುಂಡು ಸಿಕ್ಕಿತು. ಆಮೇಲೆ ಪಟ್ಟಣದ ಜನಕ್ಕೆ ಬಿಯರಿನ ರುಚಿ ಹತ್ತಿತು, ಪುಲ್ಕೆ ಮೂಲೆಗೆ ಸೇರಿತು, ಕತ್ತಾಳೆ ಕಿತ್ತ ಜಾಗದಲ್ಲಿ ಬಿಯರಿಗೆ ಬೇಕಾದ ಬಾರ್ಲಿ ಬಂತು. ಇದನ್ನೆಲ್ಲ ಅವಳು ಕೂತಲ್ಲಿ ಕೂತು ಹೇಳುವವಳಲ್ಲ. ಗ್ಯಾರೇಜಿನ ನೆಲದ ಮೇಲೆ ಹಿಟ್ಟು ಚೆಲ್ಲಿ, ಬೆರಳಿನಲ್ಲಿ ಗೆರೆ ಎಳೆದು, ಇಲ್ಲಿ ರೈಲು, ಇಲ್ಲಿ ವಾಡೆ, ಇಲ್ಲಿ ನಮ್ಮ ಹೊಲ ಎಂದು ತೋರಿಸುವವಳು. ಒಂದು ಊರಿನ ಇತಿಹಾಸ ನಮ್ಮ ಜೋಳದ ಹಿಟ್ಟಿನಲ್ಲಿ ಮೂಡಿ, ಸಂಜೆಗೆ ಕಸಬರಿಗೆಯಲ್ಲಿ ಹೋಗುತ್ತಿತ್ತು.

ಆ ಹೊಲದ ಬದುವಿನಲ್ಲಿ ಅಜ್ಜ ಒಂದೆರಡು ಸಾಲು ಕತ್ತಾಳೆ ಉಳಿಸಿಕೊಂಡಿದ್ದ. ಅವುಗಳ ನಡುವಿನ ಪಟ್ಟಿಯಲ್ಲಿ ಗೋವಿನಜೋಳ, ಅದಕ್ಕೆ ಹಬ್ಬಿಕೊಂಡು ಅವರೆ, ನೆಲಕ್ಕೆ ಕುಂಬಳ. ಗೋವಿನಜೋಳವೆಂದರೆ ಹಳದಿಯಲ್ಲ, ನೀಲಿ, ನೇರಳೆಹಣ್ಣಿನ ಬಣ್ಣ. ಅದೇ ಬೀಜ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅಣ್ಣನಿಗೆ ಬಂದದ್ದು. ಪ್ರತಿ ವರ್ಷ ನವೆಂಬರಿನಲ್ಲಿ ಅಣ್ಣನ ಹೊಲದಿಂದ ಕೂಕಾಳಿಗೆ ಒಂದು ಚೀಲ ಬರುತ್ತಿತ್ತು. ಹೇಗೆ ಬರುತ್ತಿತ್ತೆಂದು ನಾನು ಕೇಳಲಿಲ್ಲ, ನೀವೂ ಕೇಳಬೇಡಿ. ಬಂದ ಕೂಡಲೇ ಒಂದು ಬಟ್ಟಲು ನಮ್ಮ ಮನೆಗೆ. ಗಿರಿಜಾ ಅದರಿಂದ ಮುಷ್ಟಿ ತೆಗೆದು ಗಿಂಡಿಗೆ ಹಾಕಿ, ಬಟ್ಟಲು ಬರಿದಾಗಿ ಕೊಡಬಾರದೆಂದು ಅದರ ತುಂಬ ಶೇಂಗಾ ಚಟ್ನಿ ತುಂಬಿ ವಾಪಸ್ಸು ಕಳಿಸುತ್ತಿದ್ದಳು.

ಹೋದ ನವೆಂಬರಿಗಿಂತ ಒಂದು ವರ್ಷ ಹಿಂದೆ ಬಟ್ಟಲು ತಂದಾಗ ಕೂಕಾಳ ಮುಖ ಗಂಟಾಗಿತ್ತು. ಅಣ್ಣನಿಗೆ ಮೊಣಕಾಲು ನೋವಂತೆ. ಪಟ್ಟಿಯನ್ನೂ ಸೇರಿಸಿ ಇಡೀ ಹೊಲವನ್ನು ಬಾರ್ಲಿಗೆ ಕೊಟ್ಟುಬಿಟ್ಟನಂತೆ. ಮನೆಯಲ್ಲಿದ್ದ ತೆನೆಗಳನ್ನೆಲ್ಲ ಬಿಡಿಸಿ, ಬೀಜಕ್ಕೆಂದು ಜಂತಿಗೆ ಕಟ್ಟಿದ್ದನ್ನೂ ಬಿಚ್ಚಿ ತಂಗಿಗೆ ಕಳಿಸಿದ್ದ, ಇನ್ನು ನನಗೇಕೆ ಎಂದು. ಕೂಕಾ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದು, ಅವತ್ತಿನಿಂದ ಅಣ್ಣನ ಜೊತೆ ಮಾತು ಬಿಟ್ಟಳು. ಮನೆ ದೇವರನ್ನೇ ಮಾರಿದ ಹಾಗೆ ಅವಳಿಗೆ ಸಂಕಟ. ಈ ಜೋಳವನ್ನು ಕೊನೆಯ ಕಾಳಿನವರೆಗೆ ಬೇಯಿಸಿ ತಿಂದು ಮುಗಿಸುತ್ತೇನೆ, ಮುಗಿಯುವುದಾದರೆ ನನ್ನ ಕೈಯಲ್ಲೇ ಮುಗಿಯಲಿ ಎಂದು ನಿಧಿಯ ಮೂಲಕ ನಮಗೆ ಹೇಳಿ ಹೋದಳು. ಗಿರಿಜಾಳಿಗೆ ಅವತ್ತು ರಾತ್ರಿ ಊಟ ಸೇರಲಿಲ್ಲ.

ಜನವರಿಯ ಮೊದಲ ವಾರ ಅವರ ಮನೆಯಲ್ಲಿ ಹಬ್ಬ. ಉಂಗುರದ ಆಕಾರದ ದೊಡ್ಡ ಬ್ರೆಡ್ಡು, ಮೇಲೆ ಬಣ್ಣಬಣ್ಣದ ಹಣ್ಣಿನ ತುಣುಕು. ನಮ್ಮನ್ನೂ ಕರೆದಿದ್ದರು. ನಾನು ಕತ್ತರಿಸಿಕೊಂಡ ತುಂಡನ್ನು ಕಚ್ಚಿದೆ, ಹಲ್ಲಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ನೋಡಿದರೆ ಗೊಂಬೆ. ಬೇಕರಿಯವರ ಅಲಕ್ಷ್ಯ, ಪಾಪ, ಮನೆಯವರಿಗೆ ತಿಳಿದರೆ ಅವಮಾನವಾದೀತು ಎಂದು ನಮ್ಮ ಮರ್ಯಾದಸ್ಥ ಬುದ್ಧಿಗೆ ಹೊಳೆಯಿತು. ಮೆಲ್ಲನೆ ಟಿಶ್ಯೂನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಅತ್ತ ಬ್ರೆಡ್ಡು ಮುಗಿದರೂ ಗೊಂಬೆ ಸಿಗಲಿಲ್ಲವೆಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಮಕ್ಕಳ ಬಾಯಿ ತೆರೆಸಿ ನೋಡುತ್ತಿದ್ದಾರೆ. ಡಾಕ್ಟರು ಯಾರೋ ನುಂಗಿದರೆಂದು ಹೆದರಿದಾಗ ನಾನು ಜೇಬಿಗೆ ಕೈ ಹಾಕಬೇಕಾಯಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇಕೆಂದೇ ಬ್ರೆಡ್ಡಿನೊಳಗೆ ಇಡುವ ಆ ಗೊಂಬೆ ಎಂದರೆ ಬಾಲಯೇಸುವಂತೆ, ಅದು ಸಿಕ್ಕವನು ಫೆಬ್ರವರಿ ಎರಡರಂದು ಎಲ್ಲರಿಗೂ ತಮಾಲೆಯ ಊಟ ಹಾಕಬೇಕಂತೆ. ಅದನ್ನು ತಪ್ಪಿಸಿಕೊಳ್ಳಲು ಗೊಂಬೆ ಬಚ್ಚಿಡುವುದು ಅವರಲ್ಲೂ ಹಳೆಯ ಕಳ್ಳಾಟವೇ. ನಾನು ಮರ್ಯಾದೆಗೆ ಮಾಡಿದ್ದು ಎಂದರೆ ಯಾರು ನಂಬುತ್ತಾರೆ?

ತಮಾಲೆ ಎಂದರೆ ಗೋವಿನಜೋಳದ ಹಿಟ್ಟನ್ನು ಅದರದೇ ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವುದು. ಹಿಟ್ಟು ತಾನೇ, ನಾನಿದ್ದೇನೆ, ನನ್ನ ಗಿರಣಿ ಇದೆ ಎಂದು ಎದೆ ತಟ್ಟಿ ಹೇಳಿದೆ. ಕೂಕಾ ನನ್ನನ್ನು ನೋಡಿ, ಹಾಗಾದರೆ ನೀಲಿ ಜೋಳವನ್ನೆಲ್ಲ ಅವತ್ತೇ ಮುಗಿಸೋಣ ಎಂದಳು. ಹಬ್ಬದ ಹಿಂದಿನ ದಿನ ದೊಡ್ಡ ಪಾತ್ರೆಗಳಲ್ಲಿ ಅದು ಬಂತು. ನಮ್ಮಜ್ಜಿ ಎಲೆಗೆ ಹಚ್ಚುತ್ತಿದ್ದ ಸುಣ್ಣವಿದೆಯಲ್ಲ, ಅದೇ ಸುಣ್ಣದ ನೀರಿನಲ್ಲಿ ಕುದಿಸಿ, ನೆನೆಸಿ, ತೊಳೆದು ತಂದಿದ್ದಳು. ಹಾಗೆ ಮಾಡಿದರೇ ಹಿಟ್ಟು ಅಂಟು ಬರುವುದಂತೆ. ಕಾಳುಗಳು ಉಬ್ಬಿ, ಮೆತ್ತಗಾಗಿ ಹೊಳೆಯುತ್ತಿದ್ದವು. ಗಿರಣಿಯವನ ಮಗ, ಕಾಳು ಕಡಿದು ನೋಡುತ್ತಿದ್ದವನ ಮಗ, ಅಷ್ಟೂ ಹಸಿ ಕಾಳನ್ನು ಎತ್ತಿ ಗಿರಣಿಯ ಬಾಯಿಗೆ ಸುರಿದೆ.

ಗಿರಣಿ ಒಂದು ಸಲ ಗೊಗ್ಗರು ದನಿ ತೆಗೆಯಿತು. ಆಮೇಲೆ ಸುಟ್ಟ ವಾಸನೆ. ಆಮೇಲೆ ನಿಶ್ಶಬ್ದ. ಕಲ್ಲು ಬಿಚ್ಚಿದರೆ ಒಳಗೆಲ್ಲ ನೀಲಿ ಗಾರೆ. ಚಮಚ, ಸ್ಕ್ರೂಡ್ರೈವರ್, ಕೊನೆಗೆ ನನ್ನ ಹಳೆಯ ಹಲ್ಲುಜ್ಜುವ ಬ್ರಷ್ಷು, ಎಲ್ಲ ತಂದು ಕೆರೆಯುತ್ತ ಕೂತೆ. ಗಿರಿಜಾ ಬಾಗಿಲಲ್ಲಿ ನಿಂತು ನೋಡಿದಳು.

"ಅಲ್ರೀ, ಹಸೀ ಕಾಳು ಗಿರಣ್ಯಾಗ ಯಾರರೆ ಹಾಕ್ತಾರೇನ್ರೀ? ಮಾವನೋರು ಇದ್ದಿದ್ರ ಏನಂತಿದ್ರು?"

ಏನನ್ನುತ್ತಿದ್ದರೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಅದು ಅಚ್ಚು ಹಾಕುವ ಮಾತಲ್ಲ. ಹಿಂದಿನ ಬೀದಿಯ ಮೈಸೂರಿನ ವಸುಧಾ ಜೋಳ ಬೀಸಿಸಲು ಬಂದವಳು ಈ ದೃಶ್ಯ ನೋಡಿ, ದೋಸೆ ಹಿಟ್ಟು ರುಬ್ಬುವ ಗ್ರೈಂಡರ್ ಅಂತ ಒಂದಿದೆ, ಕೇಳಿದೀರಾ ಅಂಕಲ್ ಎಂದಳು. ಗಿರಣಿಯಿಂದ ಕೆರೆದದ್ದು, ಪಾತ್ರೆಯಲ್ಲಿ ಉಳಿದದ್ದು ಎಲ್ಲ ಅವಳ ಮನೆಗೆ ಹೋಯಿತು. ದೋಸೆ ಹಿಟ್ಟಿಗಾಗಿ ಹುಟ್ಟಿದ ಆ ಕಲ್ಲು ನೀಲಿ ಹಿಟ್ಟನ್ನು ಬೆಣ್ಣೆಯ ಹಾಗೆ ರುಬ್ಬಿ ಕೊಟ್ಟಿತು. ರೊಟ್ಟಿ ಸೀಮೆಯ ಮಾನ ಮೈಸೂರಿನ ಕೈಗೆ ಹೋಯಿತಲ್ಲ ಎಂಬುದೊಂದೇ ನನಗೆ ಬೇಜಾರು. ಕೂಕಾ ಮಾತ್ರ ಗ್ರೈಂಡರಿನ ಸುತ್ತ ಎರಡು ಸುತ್ತು ಹಾಕಿ, ಅದರ ಬೆನ್ನು ತಟ್ಟಿದಳು. ನನ್ನ ಗಿರಣಿಯ ಬೆನ್ನು ಒಂದು ದಿನವೂ ತಟ್ಟಿರಲಿಲ್ಲ.

ಮರುದಿನ ನಮ್ಮ ಹಿತ್ತಲಲ್ಲಿ ಊಟ. ನಿಧಿ ಆಸ್ಟಿನ್ನಿನಿಂದ ಬಂದಿದ್ದಳು. ಮಾಂಸ ತಿನ್ನದ ನಮಗಾಗಿ ಅವರೆಕಾಳು ತುಂಬಿದ ತಮಾಲೆ ಬೇರೆ ಇಟ್ಟಿದ್ದರು. ಸಿಪ್ಪೆ ಬಿಡಿಸಿದರೆ ಹಬೆ, ಹಬೆಯೊಳಗೆ ನೀಲಿ. ನಾನು ಮೂರನೆಯದಕ್ಕೆ ಕೈ ಹಾಕುವಾಗ ಕೂಕಾಳ ಫೋನು ಸದ್ದು ಮಾಡಿತು. ಅಪಾನಿನಿಂದ ಅಣ್ಣನ ಮಗ ಬೇತೊ, ವಿಡಿಯೋದಲ್ಲಿ. ಕೂಕಾ ಮೊದಲು ನಗುತ್ತ ತಮಾಲೆ ತೋರಿಸಿದಳು. ಆಮೇಲೆ ಅವಳ ನಗು ನಿಂತಿತು. ನಿಧಿ ನನ್ನ ಪಕ್ಕ ಕೂತು ಒಂದೊಂದೇ ಮಾತನ್ನು ಇಳಿಸಿಕೊಟ್ಟಳು. ಅವರ ಊರಿನಲ್ಲಿ ಈ ದಿನ ಎಲ್ಲರೂ ಬಿತ್ತುವ ಬೀಜವನ್ನು ಬುಟ್ಟಿಯಲ್ಲಿ ಇಗರ್ಜಿಗೆ ಒಯ್ದು ಆಶೀರ್ವಾದ ಮಾಡಿಸುತ್ತಾರೆ. ಅಣ್ಣ ಅಭ್ಯಾಸಬಲದಿಂದ ಬುಟ್ಟಿ ತೆಗೆದುಕೊಂಡು ಹೋಗಿ, ಅದು ಖಾಲಿಯೆಂದು ಅಲ್ಲಿ ಕೂತ ಮೇಲೆ ನೋಡಿದನಂತೆ. ಬುಟ್ಟಿಯನ್ನು ಕಾಲ ಕೆಳಗೆ ತಳ್ಳಿ ಕೊನೆಯ ಸಾಲಿನಲ್ಲಿ ಕೂತಿದ್ದು, ಮನೆಗೆ ಬಂದವನು ಊಟ ಮಾಡಿಲ್ಲ. ಬಾರ್ಲಿ ಬೇಕಾದರೆ ಇರಲಿ, ಕತ್ತಾಳೆ ನಡುವಿನ ಪಟ್ಟಿ ನನಗೆ ಬಿಡು, ನಾನು ಬಿತ್ತುತ್ತೇನೆ ಎಂದು ಬೇತೊ ಹೇಳಿದ್ದಾನೆ. ಏನನ್ನು ಬಿತ್ತುತ್ತೀ ಎಂದು ಅಪ್ಪ ಕೇಳಿದ್ದಾನೆ. ಅದಕ್ಕೇ ಈ ಫೋನು. ಅತ್ತೆಯ ಹತ್ತಿರ ಸ್ವಲ್ಪವಾದರೂ ಉಳಿದಿದೆಯೇ?

"ಅಪ್ಪಾ, ದೇ ಹ್ಯಾವ್ ನೋ ಸೀಡ್," ಎಂದಳು ನಿಧಿ. ಅವಳ ದನಿ ಸಣ್ಣದಾಗಿತ್ತು.

ಕೂಕಾ ಮೇಜಿನ ಮೇಲಿನ ತಮಾಲೆಗಳನ್ನು ನೋಡಿದಳು. ಖಾಲಿ ಸಿಪ್ಪೆಗಳನ್ನು ನೋಡಿದಳು. ಕುದಿಸಿದ ಕಾಳು ಮೊಳಕೆಯೊಡೆಯುವುದಿಲ್ಲ, ಅದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಣ್ಣನ ಮೇಲಿನ ಸಿಟ್ಟಿಗೆ ತಾನೇ ಕೈಯಾರೆ ಎಲ್ಲವನ್ನೂ ಮುಗಿಸಿಬಿಟ್ಟೆ ಎಂದು ಅವಳ ಮುಖದಲ್ಲಿ ಬರೆದಿತ್ತು. ಫೋನು ಹಿಡಿದ ಕೈ ಮಡಿಲಿಗೆ ಇಳಿಯಿತು. ನನ್ನ ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಗಿರಿಜಾ ಎದ್ದು ಒಳಗೆ ಹೋದಳು. ಅಳಲು ಹೋದಳೆಂದುಕೊಂಡೆ. ತಾಮ್ರದ ಗಿಂಡಿ ಹಿಡಿದುಕೊಂಡು ಬಂದಳು, ಮೇಲೆ ಬೆಳಗಿನ ಪೂಜೆಯ ಕುಂಕುಮ ಹಾಗೇ ಇತ್ತು.

"ನಿಧಿ, ಕೇಳವ್ವಾ ಆಕೀನ್ನ. ಇದು ಕುದಿಸಿದ್ದಲ್ಲ, ನವೆಂಬರಿನ್ಯಾಗ ಕೊಟ್ಟಿದ್ದು. ಬಿತ್ತಾಕ ಬರ್ತದೇನು?"

ಕೂಕಾ ಗಿಂಡಿಯನ್ನು ಅಂಗೈಗೆ ಬಗ್ಗಿಸಿದಳು. ಒಂದು ಕಾಳನ್ನು ತೆಗೆದು ಉಗುರಿನಿಂದ ಒತ್ತಿದಳು, ಇನ್ನೊಂದನ್ನು ಬೆಳಕಿಗೆ ಹಿಡಿದಳು. ಯಾಕೆ ಇಟ್ಟಿದ್ದೀ ಎಂದು ಕೇಳಿದಳು. ಗಿರಿಜಾಳಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿತು. ಮನೆಗೆ ಬಂದ ಕಾಳನ್ನು ಪೂರಾ ತಿಂದು ಮುಗಿಸಿದರೆ ಮುಂದೆ ಹೇಗೆ ಎಂದಳು, ಅಷ್ಟೇ. ನಿಧಿ ಅದನ್ನು ಸ್ಪ್ಯಾನಿಷಿಗೆ ತಿರುಗಿಸುವಾಗ ಎರಡು ಸಲ ತಡವರಿಸಿದಳು. ಕೂಕಾ ಫೋನನ್ನು ಮುಖಕ್ಕೆ ಹಿಡಿದು, ನಿಮ್ಮಪ್ಪನನ್ನು ಕರೆ ಎಂದಳು. ತೆರೆಯ ಮೇಲೆ ಬಿಳಿ ಮೀಸೆಯ ಮುದುಕ ಬಂದ. ಅವಳು ಅಂಗೈಯನ್ನು ಫೋನಿನ ಮುಂದೆ ಹಿಡಿದಳು. ಮುದುಕ ಕನ್ನಡಕ ಹುಡುಕಿ ಹಾಕಿಕೊಂಡು, ಮುಖವನ್ನು ತೀರಾ ಹತ್ತಿರ ತಂದು ನೋಡಿದ. ನಮಗೆ ಕಂಡದ್ದು ಅವನ ಒಂದು ಒದ್ದೆ ಕಣ್ಣು ಮಾತ್ರ.

ಆ ಮುಷ್ಟಿ ಕಾಳು ಬಿತ್ತನೆಗೆ ಮೊದಲು ಅಪಾನ್ ಸೇರಿತು. ಅದು ಹೇಗೆ ಹೋಯಿತೆಂಬುದನ್ನೂ ಕೇಳಬೇಡಿ. ಬೇಸಿಗೆಯಲ್ಲಿ ಬೇತೊ ಫೋಟೋ ಕಳಿಸುತ್ತಿದ್ದ: ಸುತ್ತ ಬಾರ್ಲಿ, ಎರಡು ಕಡೆ ಕತ್ತಾಳೆ, ನಡುವೆ ಮೊಣಕಾಲೆತ್ತರ, ಆಮೇಲೆ ಎದೆಯೆತ್ತರದ ಹಸಿರು. ಇಲ್ಲಿ ನಾವು ಏಸಿ ಹಾಕಿಕೊಂಡು ಕೂತು ಅಲ್ಲಿ ಮಳೆಯಾಯಿತೇ, ಇಬ್ಬನಿ ಬಿತ್ತೇ ಎಂದು ಚಿಂತೆ ಮಾಡುತ್ತಿದ್ದೆವು. ಗಿರಿಜಾ ಫೋಟೋ ದೊಡ್ಡದು ಮಾಡಿ ಕಳೆ ತೆಗೆದಿಲ್ಲವೆಂದು ನಿಧಿಯ ಮೂಲಕ ದೂರು ಕಳಿಸಿದಳು. ಬೇತೊ ಕಳೆ ತೆಗೆದ ಫೋಟೋ ಕಳಿಸಿದ.

ಹೋದ ನವೆಂಬರಿನ ಒಂದು ಶನಿವಾರ ಕೂಕಾ ಬಂದಳು. ಕೈಯಲ್ಲಿ ಗಂಟು ಹಾಕಿದ ಕರವಸ್ತ್ರ. ನಾನು ಕಲ್ಲು ಒರೆಸಿ ಸಿದ್ಧವಾಗಿದ್ದೆ. ಈ ಸಲ ಒಣಕಾಳೇ ಇರಬೇಕು, ಒಂದನ್ನು ಕಡಿದು ನೋಡಿಯೇ ಹಾಕುತ್ತೇನೆ, ಹೋದ ಮಾನ ವಾಪಸ್ಸು ತರುತ್ತೇನೆ ಎಂದು ಸ್ವಿಚ್ಚು ಒತ್ತಿಯೇಬಿಟ್ಟೆ. ಅವಳು ನನ್ನ ಕಡೆ ನೋಡದೆ ಒಳಗೆ ನಡೆದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ದೇವರ ಗೂಡಿನ ಮುಂದೆ ನಿಂತು ಗಿರಿಜಾಳಿಂದ ಗಿಂಡಿ ಕೇಳಿ ಪಡೆದು, ಗಂಟು ಬಿಚ್ಚಿ ನೀಲಿ ಕಾಳನ್ನು ಸುರಿದಳು. ಅಂಗೈಗೆ ಅಂಟಿದ್ದ ಒಂದು ಕಾಳನ್ನೂ ಬಿಡಿಸಿ ಹಾಕಿದಳು. ಗಿರಿಜಾ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಆಮೇಲೆ ಕೂಕಾ ಫೋನಿನಲ್ಲಿ ನಿಧಿಗೆ ಏನೋ ಹೇಳಿದಳು. ನಿಧಿ ನಗುತ್ತ, ಅಪರೂಪಕ್ಕೆ ಕನ್ನಡದಲ್ಲಿ, ಒಂದೊಂದೇ ಪದ ಕೂಡಿಸಿ ಹೇಳಿದಳು:

"ಅಮ್ಮಾ, ಅವ್ರ ಅಣ್ಣ ಹೇಳಿದ್ರಂತೆ. ಮನೇಲಿ ಇನ್ನೂ ಯಾರೂ ತಿಂದಿಲ್ಲ. ಮೊದಲ್ನೇ ಮುಷ್ಟಿ ನಿಂಗೆ. ಅಪ್ಪನ ಕೈಗೆ ಮಾತ್ರ ಕೊಡಬೇಡ."

ನಾನು ಗ್ಯಾರೇಜಿಗೆ ಹೋಗಿ ಗಿರಣಿ ಬಂದ್ ಮಾಡಿದೆ.